ಮೂರು ಸಲ ಇಳಿಸಿದ ಅಂಚು

ಟೈಲರಮ್ಮ ಆ ಹಳದಿ ಫ್ರಾಕಿನ ಜೇಬಿನೊಳಗೆ ತೋರುಬೆರಳು ಇಳಿಸಿದಳು. ಜೇಬಿನ ತಳದಲ್ಲಿ, ಒಳಬಟ್ಟೆಯ ಮೇಲೆ, ಅಕ್ಕಿಕಾಳಿನಷ್ಟು ಉದ್ದದ ಒಂದು ಉಬ್ಬು ಹೊಲಿಗೆ ಬೆರಳಿಗೆ ತಗುಲಿತು.

ಬೆರಳು ಅಲ್ಲೇ ನಿಂತಿತು.

ಮೂವತ್ತೊಂದು ವರ್ಷದ ಹಿಂದೆ ತನ್ನ ಕೈಯಿಂದಲೇ ಆದ ತಪ್ಪು ಅದು. ನೂಲು ಕತ್ತರಿಸಲು ಹೋಗಿ ಕತ್ತರಿ ಜಾರಿ, ಮುಂಭಾಗದ ಬಟ್ಟೆಯೇ ಸೀಳಿತ್ತು. ಬೇರೆ ಬಟ್ಟೆ ಇರಲಿಲ್ಲ. ಸೀಳನ್ನು ಕೂಡಿಸಿ ಹೊಲಿದು, ಅದರ ಮೇಲೆ ಎಲೆಯ ಆಕಾರದ ಜೇಬೊಂದನ್ನು ಕೂರಿಸಿ ಮುಚ್ಚಿಬಿಟ್ಟಿದ್ದಳು. ಅಂಗಡಿಗೆ ಬಂದವರೆಲ್ಲ ಜೇಬು ಎಷ್ಟು ಚೆಂದ ಎಂದು ಹೊಗಳಿದ್ದೇ ಹೊಗಳಿದ್ದು. ಅದರ ಹಿಂದೆ ಏನಿದೆ ಎಂಬುದು ಅವಳನ್ನು ಬಿಟ್ಟು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಇದೇ ಫ್ರಾಕು ತೊಟ್ಟುಕೊಂಡು, ಅಕ್ಕನ ನಾಲ್ಕು ವರ್ಷದ ಮಗಳು ಗುಬ್ಬಿ ಊರಿನ ಹೊಳೆಯ ಮೆಟ್ಟಿಲಿನಿಂದ ಕಾಣೆಯಾಗಿದ್ದಳು. ಹೊಳೆ ಎಳೆದುಕೊಂಡು ಹೋಯಿತೆಂದು ಊರೇ ನಂಬಿತ್ತು. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಟೈಲರಮ್ಮನೇ.

ಅವಳು ಫ್ರಾಕನ್ನು ಎದೆಗೆ ಒತ್ತಿಕೊಳ್ಳಲಿಲ್ಲ, ಕೂಗಲಿಲ್ಲ. ನಲವತ್ತು ವರ್ಷ ಜನರ ಮೈ ಅಳತೆ ತೆಗೆದವಳು. ಅಳೆಯುವುದಕ್ಕೆ ಮೊದಲು ಬಾಯಿ ತೆರೆಯುವ ಅಭ್ಯಾಸ ಇರಲಿಲ್ಲ. ಊರಿನ ಠಾಣೆಯವರು ಕೂಡ ಯಾವುದೋ ಬೇಲಿಗೆ ಸಿಕ್ಕ ಬಟ್ಟೆಯ ಚೂರನ್ನು ಹಿಡಿದುಕೊಂಡು, ‘ಸ್ವಲ್ಪ ನೋಡಿ ಹೇಳಮ್ಮ’ ಎಂದು ಅವಳ ಅಂಗಡಿಗೆ ಬರುತ್ತಿದ್ದುದು ಇದಕ್ಕೇ.

ಸುತ್ತ ಸಂತೆ ತನ್ನ ಪಾಡಿಗೆ ತಾನು ಗಲಗಲ ಎನ್ನುತ್ತಿತ್ತು. ಕಡಲ ತೀರದ ಈ ಊರಿಗೆ ನಾಲ್ಕು ದಿನ ಹವಾ ಬದಲಾವಣೆಗೆಂದು ಅಕ್ಕ, ಭಾವ, ಅವಳು ಮೂವರೂ ಬಂದು ಇವತ್ತಿಗೆ ಮೂರನೇ ದಿನ. ಅಕ್ಕಪಕ್ಕದ ಮನೆಯವರಿಗೆ ನೆನಪಿಗೆ ಏನಾದರೂ ಒಯ್ಯಬೇಕಲ್ಲ ಎಂದು ಬೆಳಿಗ್ಗೆಯೇ ಈ ಅದಲುಬದಲು ಸಂತೆಗೆ ಹೊರಟಿದ್ದರು. ಹಳೆ ಗೋದಾಮಿನ ಮುಂದಿನ ಬಯಲಿನಲ್ಲಿ ಜನ ಚಾದರ ಹಾಸಿ, ಮನೆಯಲ್ಲಿ ಬೇಡವಾದ ಸಾಮಾನು ಹರವಿಕೊಂಡು ಕೂತಿದ್ದರು. ಇಲ್ಲಿ ದುಡ್ಡು ನಡೆಯದು. ಒಂದು ವಸ್ತು ಕೊಟ್ಟು ಇನ್ನೊಂದು ಒಯ್ಯಬೇಕು. ಹಿಡಿ ಮುರಿದ ಕಪ್ಪು, ಜೋಡಿ ತಪ್ಪಿದ ಬೂಟು, ಕಪ್ಪೆಚಿಪ್ಪಿನ ದೀಪ, ತಂತಿ ಕಳೆದುಕೊಂಡ ವಾದ್ಯ, ಎಲ್ಲವೂ ಬಿಸಿಲಿಗೆ ಮುಖ ಕೊಟ್ಟು ಮಲಗಿದ್ದವು.

ಅಕ್ಕನಿಗೆ ಕಾಲು ಊದಿಕೊಂಡಿತ್ತು. ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಅವಳನ್ನು ನೆರಳಲ್ಲಿ ಕೂರಿಸಿ ಬಂದಿದ್ದರು.

ಭಾವ ಪಕ್ಕದ ಚಾದರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ತನ್ನ ಹಳೆ ಅಲಾರಾಂ ಗಡಿಯಾರ ಕೊಟ್ಟು ಕಪ್ಪೆಚಿಪ್ಪಿನ ದೀಪ ಹೊಡೆಯುವ ಹುನ್ನಾರದಲ್ಲಿದ್ದರು.

“ಇದು ಹೊಡ್ಕೊಳ್ಳೋದೇ ಇಲ್ವಲ್ಲ ಸಾರ್,” ಎಂದ ಆ ಚಾದರದ ಮುದುಕ, ಗಡಿಯಾರವನ್ನು ಕಿವಿಗೆ ಹಿಡಿದು.

“ಹೊಡ್ಕೊಳ್ಳೋ ಗಡಿಯಾರ ನನಗೂ ನಿಮಗೂ ಯಾಕೆ ಯಜಮಾನ್ರೇ? ಈ ವಯಸ್ಸಿಗೆ ನಾಲ್ಕು ಗಂಟೆಗೆ ನಿದ್ದೆ ತಾನಾಗೇ ಎದ್ದು ಹೋಗುತ್ತೆ. ಟೈಮ್ ಮಾತ್ರ ನೋಡಿ, ಒಂದು ನಿಮಿಷ ಆಚೆ ಈಚೆ ಇಲ್ಲ.”

“ಭಾವ,” ಎಂದಳು ಟೈಲರಮ್ಮ.

“ಸ್ವಲ್ಪ ತಡಿಯಮ್ಮ, ಇನ್ನೇನು ಒಪ್ಪೋ ಹಾಗಿದ್ದಾರೆ.”

“ಭಾವ, ಇಲ್ಲಿ ಬನ್ನಿ.”

ಅವಳ ದನಿಯಲ್ಲಿ ಏನಿತ್ತೋ, ಭಾವ ಗಡಿಯಾರ ಬಿಟ್ಟು ಎದ್ದು ಬಂದರು. ಅವರಿಗೆ ಹೊಲಿಗೆಯ ಗಂಧಗಾಳಿ ಇಲ್ಲ. ಆದರೆ ಬಟ್ಟೆಯ ಗುರುತು ಇತ್ತು. ಹಳದಿ ನೆಲ, ಅದರ ಮೇಲೆ ಸಾಸಿವೆ ಸಿಡಿದ ಹಾಗೆ ಬಿಳಿ ಚುಕ್ಕಿ. ಅವರು ಕೆಲಸ ಮಾಡುತ್ತಿದ್ದ ಶಾಲೆಯ ಕಿಟಕಿಪರದೆ ಹೊಲಿದು ಮಿಕ್ಕಿದ ತುಂಡನ್ನು ಅವರೇ ಮಡಿಸಿ ತಂದು ನಾದಿನಿಯ ಕೈಗೆ ಕೊಟ್ಟಿದ್ದರು. ಬಟ್ಟೆ ಸಾಲದೆ ಬೆನ್ನಿನ ಮೇಲ್ಭಾಗಕ್ಕೆ ಬೇರೆ ಬಿಳಿ ತುಂಡು ಸೇರಿತ್ತು. ಆ ಬಿಳಿ ತುಂಡೂ ಹಾಗೇ ಇತ್ತು.

ಅವರು ಬಯಲಿನ ಮಣ್ಣಿನ ಮೇಲೆ ಹಾಗೇ ಕೂತುಬಿಟ್ಟರು.

“ನಮ್ಮ ಹೊಳೆ ಬಂದು ಸೇರೋದು ಈ ಕಡಲಿಗೇ ತಾನೆ,” ಎಂದರು. “ತೇಲಿ ಬಂದಿರುತ್ತೆ. ಯಾರ ಬಲೆಗೋ ಸಿಕ್ಕಿರುತ್ತೆ. ಒಗೆದು ಇಟ್ಕೊಂಡಿರ್ತಾರೆ.”

“ನೀರಲ್ಲಿ ಬಂದ ಬಟ್ಟೆ ಅಲ್ಲ ಭಾವ ಇದು. ಸ್ವಲ್ಪ ಗಟ್ಟಿ ಮನಸ್ಸು ಮಾಡ್ಕೊಂಡು ನೋಡಿ.”

ಅವಳು ಫ್ರಾಕಿನ ಕೆಳಅಂಚನ್ನು ಬಿಸಿಲಿಗೆ ಅಡ್ಡ ಹಿಡಿದಳು.

ಬೆಳೆಯುವ ಮಗುವಿಗೆ ಹೊಲಿಯುವಾಗ ಅಂಚನ್ನು ನಾಲ್ಕು ಬೆರಳು ಒಳಗೆ ಮಡಿಸಿಡುವುದು ಅವಳ ರೂಢಿ. ಮಗು ಉದ್ದವಾದ ಹಾಗೆ ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಬೇಕು. ಈ ಫ್ರಾಕಿನ ಅಂಚಿನಲ್ಲಿ, ಹಿಂದೆ ಮಡಿಸಿದ್ದ ಜಾಗಗಳಲ್ಲಿ ಅಡ್ಡಕ್ಕೆ ಮೂರು ಗೆರೆಗಳಿದ್ದವು. ಮೇಲಿನ ಗೆರೆಯ ಆಚೆ ಬಣ್ಣ ಪೂರಾ ಮಾಸಿತ್ತು. ಗೆರೆ ದಾಟಿ ಕೆಳಕ್ಕೆ ಬಂದ ಹಾಗೆಲ್ಲ ಹಳದಿ ಒಂದೊಂದು ಕಳೆ ಹೆಚ್ಚುತ್ತ, ತೀರ ಕೆಳಗಿನ ಪಟ್ಟಿ ಹೊಸ ಬಟ್ಟೆಯ ಹಾಗೇ ಇತ್ತು.

“ನಾನು ಕೊಟ್ಟಾಗ ಇದ್ದದ್ದು ಮೇಲಿನ ಗೆರೆ ಒಂದೇ. ಆಮೇಲೆ ಮೂರು ಸಲ ಇಳಿಸಿದ್ದಾರೆ.”

“ಬೇರೆ ಯಾವುದೋ ಮಗು ಹಾಕ್ಕೊಂಡಿರಬೇಕು.”

“ಬೇರೆ ಮಗು ಆಗಿದ್ರೆ ಅದರ ಅಳತೆಗೆ ಒಂದೇ ಸಲ ಬಿಚ್ಚಿ ಇಳಿಸ್ತಾರೆ. ಇಲ್ಲಿ ನೋಡಿ, ಒಂದೊಂದು ಸಲಕ್ಕೆ ಹೆಬ್ಬೆರಳು ಅಗಲ. ಕಂಕುಳಲ್ಲೂ ಹಾಗೇ, ಅಷ್ಟಷ್ಟೇ ಸಡಿಲ ಮಾಡಿದ್ದಾರೆ. ಒಂದೇ ಮಗು ವರ್ಷ ವರ್ಷ ಬೆಳೀತಾ ಹೋದ್ರೆ ಮಾತ್ರ ಹೀಗಾಗೋದು.” ಅವಳು ತಡೆದಳು. “ಗುಬ್ಬಿಗೆ ನಾಲ್ಕು ಮುಗಿದ ಮೇಲೆ ಐದಾಗಿದೆ ಭಾವ. ಆರಾಗಿದೆ. ಏಳೂ ಆಗಿದೆ.”

ಭಾವ ಆ ಮೂರು ಗೆರೆಗಳ ಮೇಲೆ ಬೆರಳಾಡಿಸಿದರು. ಮಗುವಿನ ಎತ್ತರವನ್ನು ಗೋಡೆಯ ಮೇಲೆ ಗೀಟು ಹಾಕಿ ನೋಡುತ್ತಾರಲ್ಲ, ಹಾಗೆ.

“ನಿಮ್ಮಕ್ಕನಿಗೆ ಈಗಲೇ ಹೇಳಬೇಡ,” ಎಂದರು. “ಅವಳು ಹೇಗೋ ಗಾಯ ಒಣಗಿಸ್ಕೊಂಡಿದ್ದಾಳೆ. ಖಾತ್ರಿ ಆಗದೆ ಕೆದಕೋದು ಬೇಡ.”

“ಅದಕ್ಕೇ ನಿಮ್ಮನ್ನ ಮೊದಲು ಕರೆದದ್ದು.”

ಅಕ್ಕ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ತಂಗಿಯನ್ನು ದೂರಿದವಳಲ್ಲ. ‘ನಿನ್ನ ಕಣ್ಣು ಎಲ್ಲಿತ್ತೇ?’ ಎಂದು ಒಂದು ಮಾತು ಬೈದಿದ್ದರೆ ಟೈಲರಮ್ಮನ ಎದೆಯ ಭಾರ ಅಷ್ಟಾದರೂ ಇಳಿಯುತ್ತಿತ್ತೇನೋ. ಅವಳ ಕಣ್ಣು ಸೂಜಿಯ ಮೇಲಿತ್ತು. ಮೆಟ್ಟಿಲ ಮೇಲೆ ಕೂತು, ಯಾರದೋ ರವಿಕೆಗೆ ಕೊಕ್ಕೆ ಹಚ್ಚುತ್ತ, ಸೂಜಿಗೆ ದಾರ ಪೋಣಿಸಲು ತಲೆ ತಗ್ಗಿಸಿದ್ದಳು. ದಾರದ ತುದಿ ಕವಲೊಡೆದು ಎರಡು ಮೂರು ಸಲ ತಪ್ಪಿತು. ತಲೆ ಎತ್ತಿದಾಗ ಮೆಟ್ಟಿಲ ಮೇಲೆ ಮಗುವಿನ ಒಂದು ಚಪ್ಪಲಿ ಮಾತ್ರ ಇತ್ತು. ಆಮೇಲೆ ಅವಳು ಮಕ್ಕಳ ಬಟ್ಟೆ ಹೊಲಿಯುವುದನ್ನೇ ಬಿಟ್ಟಳು. ಯಾರು ಎಷ್ಟು ಕೇಳಿಕೊಂಡರೂ ‘ನನಗೆ ಚಿಕ್ಕ ಅಳತೆ ಕೂರೋದಿಲ್ಲ’ ಎಂದು ಸಾಗಹಾಕುತ್ತಿದ್ದಳು.

ಆವತ್ತು ಮೆಟ್ಟಿಲ ಹತ್ತಿರ ಅವಳನ್ನು ಬಿಟ್ಟರೆ ಇಬ್ಬರೇ. ಒಬ್ಬ ದೋಣಿಯವನು. ಅವನನ್ನು ಪೊಲೀಸರು ಆರು ದಿನ ಕೂರಿಸಿ ಕೇಳಿದರು. ಏನೂ ಹೊರಡಲಿಲ್ಲ. ಆದರೂ ಊರವರ ಕಣ್ಣು ಎದುರಿಸಲಾರದೆ ಪಾಪ, ಅವನು ದೋಣಿಯನ್ನು ದಡದಲ್ಲೇ ಬಿಟ್ಟು ಊರು ಬಿಟ್ಟ. ಇನ್ನೊಬ್ಬಳು ಲಾಡ್ಜಿನ ಚಾದರ ದಿಂಬಿನಚೀಲ ಒಗೆಯುವ ಹೆಂಗಸು. ಅವಳನ್ನು ಯಾರೂ ಏನೂ ಕೇಳಲಿಲ್ಲ. ದಿನಾ ಬರುವವಳು, ದಿನಾ ಗಂಟು ಹೊತ್ತು ಹೋಗುವವಳು. ಅವಳು ಹೋದದ್ದೂ ಕಣ್ಣಿಗೆ ಬೀಳಲಿಲ್ಲ.

ದೊಡ್ಡ ಗಂಟು, ಎಂದುಕೊಂಡಳು ಟೈಲರಮ್ಮ. ನಾಲ್ಕು ವರ್ಷದ ಮಗು ಹಿಡಿಸುವಷ್ಟು ದೊಡ್ಡದು.

“ಅಮ್ಮ, ಅದನ್ನ ಇಲ್ಲಿ ಕೊಡಿ.”

ಚಾದರದ ಒಡತಿ ಅಷ್ಟು ಹೊತ್ತು ಆಚೆ ಯಾರಿಗೋ ಕನ್ನಡಿ ತೋರಿಸುತ್ತಿದ್ದವಳು, ಈಗ ತಿರುಗಿ ಕೈ ಚಾಚಿ ನಿಂತಿದ್ದಳು. ನಲವತ್ತೈದರ ಆಸುಪಾಸಿನ ಹೆಂಗಸು. ಬಲಗೈಯ ಒಳಭಾಗದಲ್ಲಿ, ಮಣಿಕಟ್ಟಿನ ಮೇಲೆ, ಹಳೆಯ ಸುಟ್ಟ ಗೆರೆಗಳು ಒಂದರ ಮೇಲೊಂದು. ಇಸ್ತ್ರಿಪೆಟ್ಟಿಗೆ ಹಿಡಿದು ಬದುಕಿದ ಕೈ ಎಂದು ಟೈಲರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅದು ಕೊಡೋ ಸಾಮಾನಲ್ಲ. ಗಂಟಿನ ಜೊತೆ ತಪ್ಪಿ ಬಂದಿದೆ.”

“ಚಾದರದ ಮೇಲಿತ್ತಲ್ಲಮ್ಮ.”

“ಇದ್ರೇನಾಯ್ತು? ನಾನೂ ಚಾದರದ ಮೇಲೇ ಕೂತಿದ್ದೆ. ನನ್ನನ್ನೂ ಒಯ್ತೀರಾ?”

“ಒಯ್ಯೋದಿಲ್ಲ. ಇದು ಯಾರದು ಅಂತ ಹೇಳಿ ಸಾಕು. ಗೇಟಿನ ಹತ್ತಿರದ ಬೋರ್ಡ್ ನೋಡಿಕೊಂಡೇ ಒಳಗೆ ಬಂದಿದ್ದೀನಿ.”

ಇಸ್ತ್ರಿಯವಳ ಮುಖ ಬಿಗಿಯಿತು. ಹಿಂದೆ ಯಾವಾಗಲೋ ಕದ್ದ ಸೈಕಲ್ಲುಗಳು ಈ ಸಂತೆಗೆ ಬಂದು ರಾದ್ಧಾಂತವಾದ ಮೇಲೆ, ಚಾದರದ ಮೇಲಿಟ್ಟ ಯಾವ ಸಾಮಾನೇ ಆಗಲಿ, ಯಾರದೆಂದು ಕೇಳಿದವರಿಗೆ ಹೇಳತಕ್ಕದ್ದು ಎಂದು ಬರೆದು ತೂಗುಹಾಕಿದ್ದರು. ಹೇಳದವರ ಚಾದರ ಎತ್ತಿಸಿಬಿಡುತ್ತಿದ್ದರು. ಕಾವಲಿನವನು ಸೀಟಿ ಕುತ್ತಿಗೆಗೆ ಹಾಕಿಕೊಂಡು ನಾಲ್ಕು ಮಾರು ಆಚೆಗೇ ಅಡ್ಡಾಡುತ್ತಿದ್ದ.

“ಹಳೇದು. ಯಾರದೋ,” ಎಂದಳು ಇಸ್ತ್ರಿಯವಳು.

“ಯಾರದೋ ಆಗಿದ್ರೆ ಹೀಗೆ ನೆರಿಗೆ ನೆರಿಗೆ ಬಿಡಿಸಿ ಇಸ್ತ್ರಿ ಮಾಡಿ ಇಡ್ತಿದ್ರಾ? ಮಿಕ್ಕಿದ್ದನ್ನೆಲ್ಲ ಮುದ್ದೆ ಮಾಡಿ ಸುರಿದಿದ್ದೀರಿ. ನುಸಿಗುಳಿಗೆ ವಾಸನೆ ಬರ್ತಿರೋದು ಇದೊಂದಕ್ಕೇ.”

“ನೀವೇನು ಪೊಲೀಸಾ?”

“ಟೈಲರು.”

“ಟೈಲರಿಗೆ ಹರಿದ ಫ್ರಾಕಿನ ಮೇಲೆ ಯಾಕಿಷ್ಟು ಆಸೆ?”

ಟೈಲರಮ್ಮ ಉತ್ತರ ಕೊಡುವ ಮೊದಲೇ ಭಾವ ಎದ್ದು ನಿಂತರು. ಮಂಡಿಗೆ ಮೆತ್ತಿದ ಮಣ್ಣನ್ನು ಕೊಡವಿಕೊಳ್ಳಲೂ ಇಲ್ಲ. “ಇದನ್ನ ಹಾಕ್ಕೊಂಡಿದ್ದವಳು ನನ್ನ ಮಗಳಮ್ಮ,” ಎಂದರು. ಅಷ್ಟೇ. ದಬಾಯಿಸುವ ದನಿಯಲ್ಲ, ಗೋಗರೆಯುವ ದನಿಯೂ ಅಲ್ಲ. ದಾರಿ ತಪ್ಪಿದವರು ದಾರಿ ಕೇಳುವ ಹಾಗಿತ್ತು.

ಇಸ್ತ್ರಿಯವಳು ಅವರ ಮುಖವನ್ನು ನೋಡಿದಳು. ಹಣೆ ನೋಡಿದಳು, ಅಗಲವಾದ ಕಿವಿ ನೋಡಿದಳು. ನೋಡುತ್ತ ನೋಡುತ್ತ ಅವಳ ಚಾಚಿದ ಕೈ ತಾನಾಗೇ ಕೆಳಗಿಳಿಯಿತು.

“ಹೊಳೆ ಮೆಟ್ಟಿಲ ಮಗುವಿನ ತಂದೆನಾ ನೀವು?” ಎಂದಳು, ಮೆಲ್ಲಗೆ.

“ಹೊಳೆಯ ಮಾತು ನಾವಿನ್ನೂ ಎತ್ತೇ ಇಲ್ಲ,” ಎಂದಳು ಟೈಲರಮ್ಮ.

ಇಸ್ತ್ರಿಯವಳು ತುಟಿ ಕಚ್ಚಿಕೊಂಡಳು. ಆಡಿದ ಮಾತು ವಾಪಸು ಬರುವುದಿಲ್ಲ ಎಂದು ಗೊತ್ತಾದ ಮೇಲೆ, ಒಂದು ಮರದ ಪೆಟ್ಟಿಗೆಯನ್ನು ಎಳೆದು ಭಾವನ ಮುಂದಿಟ್ಟಳು.

“ಕೂತ್ಕೊಳ್ಳಿ ಅಪ್ಪಾಜಿ.”

ಭಾವ ಕೂತರು. ಅವಳೂ ಚಾದರದ ಮೇಲೆ ಕೂತಳು.

“ಒಗೆಯೋ ಹೆಂಗಸು ನಿಮಗೇನಾಗಬೇಕು?” ಎಂದು ಕೇಳಿದಳು ಟೈಲರಮ್ಮ.

“ದೊಡ್ಡಮ್ಮ. ತಾಯಿಯಿಲ್ಲದ ನನ್ನನ್ನ ಸಾಕಿದೋಳು. ಆವಾಗ ನನಗೆ ಹದಿನಾಲ್ಕು. ಆವತ್ತು ಸಂಜೆ ಎಂದಿನ ಹಾಗೆ ಗಂಟು ಹೊತ್ತು ಬಂದ್ಲು. ಇಳಿಸಿ ಬಿಚ್ಚಿದ್ರೆ ಚಾದರಗಳ ನಡುವೆ ಈ ಮಗು ನಿದ್ದೆ ಮಾಡ್ತಿತ್ತು. ಒಂದೇ ಕಾಲಲ್ಲಿ ಚಪ್ಪಲಿ. ಅದೇ ವಾರ ಗಂಟುಮೂಟೆ ಕಟ್ಕೊಂಡು ಈ ಊರಿಗೆ ಬಂದ್ವಿ.”

“ಕದ್ದುಕೊಂಡು ಬಂದ್ಲಾ?” ಭಾವನ ದನಿ ಒಡೆಯಿತು.

“ಹಾಗನ್ನಬೇಡಿ. ಲಾಡ್ಜಿನ ಗಂಟಲ್ಲಿ ಯಾರದೋ ಒಂದು ಕರ್ಚೀಫು ಸೇರಿ ಬಂದ್ರೂ, ಒಗೆದು ಮಡಿಸಿ ಕೊಟ್ಟು ಬರ್ತಿದ್ದೋಳು ಅವಳು. ಕದಿಯೋ ಕೈ ಅಲ್ಲ.”

“ಮತ್ತೆ?”

“ನಾನು ಹೇಳೋ ಹಾಗಿಲ್ಲ. ಅವಳ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದೀನಿ. ಇದು ಯಾರದು ಅಂತ ಕೇಳಿದ್ರಿ, ಹೇಳಿದೆ. ಬೋರ್ಡ್ ಕೇಳೋದು ಅಷ್ಟೇ.”

ಟೈಲರಮ್ಮ ಅವಳೆದುರು ಚಾದರದ ಅಂಚಿನಲ್ಲಿ ಮಂಡಿಯೂರಿ ಕೂತಳು. ಕಪ್ಪುಸಾಸರುಗಳ ನಡುವೆ ಸ್ವಲ್ಪ ಜಾಗ ಮಾಡಿಕೊಂಡಳು.

“ನೋಡಮ್ಮ, ನಿಮ್ಮ ಮಾತು ಮುರೀರಿ ಅನ್ನೋದಿಲ್ಲ. ಆವತ್ತು ಆ ಮೆಟ್ಟಿಲ ಮೇಲೆ ಮಗು ಬಿಟ್ಟು ಸೂಜಿ ನೋಡ್ತಾ ಕೂತೋಳು ನಾನು. ನನ್ನ ಕೈಯಾರೆ ಅಕ್ಕನ ಮಗಳನ್ನ ಹೊಳೆಗೆ ಕೊಟ್ಟೆ ಅಂದ್ಕೊಂಡೇ ಮುದುಕಿ ಆಗಿದ್ದೀನಿ. ಒಂದು ಮಾತಿಗೆ ಉತ್ತರ ಕೊಡಿ. ಬಾಯಲ್ಲಿ ಬೇಡ ಅಂದ್ರೆ ತಲೆ ಅಲ್ಲಾಡಿಸಿ. ಮಗು ಬದುಕಿದೆಯಾ?”

ಇಸ್ತ್ರಿಯವಳು ದೂರಕ್ಕೆ ನೋಡಿದಳು. ಗೇಟಿನ ಕಡೆ, ಅದರಾಚೆಯ ರಸ್ತೆಯ ಕಡೆ. ಕಣ್ಣಂಚು ಒದ್ದೆಯಾಗಿತ್ತು.

“ಇದ್ದಾಳೆ,” ಎಂದಳು. “ಚೆನ್ನಾಗಿದ್ದಾಳೆ.”

ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆನ್ನು ಮಾತ್ರ ಅಲುಗುತ್ತಿತ್ತು. ಪಕ್ಕದ ಚಾದರದ ಮುದುಕ ನೀರಿನ ಬಾಟಲಿ ತಂದು, ಏನು ಎತ್ತ ಎಂದು ಕೇಳದೆ ಅವರ ಕಾಲ ಬಳಿ ಇಟ್ಟು ಹೋದ. ಟೈಲರಮ್ಮನಿಗೆ ಅಳು ಬರಲಿಲ್ಲ. ಯಾರೋ ಬಿಗಿಯಾಗಿ ಹಾಕಿದ್ದ ಒಂದು ಹೊಲಿಗೆಯನ್ನು ಎದೆಯೊಳಗಿಂದ ಎಳೆದು ಬಿಚ್ಚಿದ ಹಾಗೆ, ಉಸಿರು ಉದ್ದಕ್ಕೆ ಹೊರಬಿತ್ತು. ಇಷ್ಟು ವರ್ಷ ತಾನು ಉಸಿರಾಡಿದ್ದೆಲ್ಲ ಅರ್ಧರ್ಧವೇ ಎನಿಸಿತು.

ಕೈಗೆ ಏನಾದರೂ ಕೆಲಸ ಬೇಕಿತ್ತು. ಫ್ರಾಕನ್ನು ಮಡಿಸತೊಡಗಿದಳು.

“ಪಾಪ, ಅಂಚೆಲ್ಲ ನಿಮ್ಮ ದೊಡ್ಡಮ್ಮನೇ ಇಳಿಸಿದ್ದಾರೆ ಅನ್ನಿಸುತ್ತೆ. ಕಂಕುಳಲ್ಲಿ ಹಾಕಿರೋದು ಮೂಟೆ ಹೊಲಿಯೋ ದಾರ. ಹೊಲಿಗೆ ಬಾರದ ಕೈ, ಆದ್ರೂ ಎಷ್ಟು ಜತನ.”

“ಮೊದಲ ಎರಡು ಸಲ ಅವಳೇ. ಬೆರಳಿಗೆಲ್ಲ ಚುಚ್ಚಿಸ್ಕೊಂಡಿದ್ಲು. ಮೂರನೇದು ಅವಳದ್ದಲ್ಲ.”

“ಮತ್ತಿನ್ಯಾರದು?”

“ಒಬ್ರು ಬಂದಿದ್ರು.” ಇಸ್ತ್ರಿಯವಳು ಹೇಳಬಾರದಿತ್ತೇನೋ ಎಂದು ತಡವರಿಸಿದಳು. ಆದರೆ ನೆನಪು ಅವಳನ್ನು ಎಳೆದುಕೊಂಡು ಹೋಗಿತ್ತು. “ಮಗುವನ್ನ ಸ್ಟೂಲಿನ ಮೇಲೆ ನಿಲ್ಲಿಸಿ, ಸುತ್ತ ಮಂಡಿಯೂರಿಕೊಂಡೇ ತಿರುಗ್ತಾ ಗುರುತು ಹಾಕಿದ್ರು. ಮಡಿಸೋಕೆ ಬಟ್ಟೆ ಉಳಿದಿರಲಿಲ್ಲ ಅಂತ ತಮ್ಮ ರವಿಕೆ ತೋಳು ಕತ್ತರಿಸಿ ಒಳಗೆ ಪಟ್ಟಿ ಕೊಟ್ರು. ಒಂದು ತೊಟ್ಟು ನೀರೂ ಕುಡೀದೆ ಹೊಲಿದ್ರು. ಮುಗಿದ ಮೇಲೂ ಫ್ರಾಕು ಕೈಯಿಂದ ಬಿಡಲಿಲ್ಲ.”

ಟೈಲರಮ್ಮನ ಕೈ ನಿಂತಿತು. ಇಷ್ಟು ಹೊತ್ತು ಅವಳು ಹೊರಗಿನ ಗೆರೆಗಳನ್ನು ಎಣಿಸಿದ್ದಳೇ ಹೊರತು, ಒಳಪಟ್ಟಿಯ ಅಡಿಯನ್ನು ತಿರುವಿ ನೋಡಿರಲಿಲ್ಲ. ಈಗ ತಿರುವಿದಳು.

ಮೂಟೆದಾರ ಅಲ್ಲಿರಲಿಲ್ಲ. ಸಣ್ಣ, ಸಮನಾದ ಕೈಹೊಲಿಗೆ. ನಾಲ್ಕು ಹೊಲಿಗೆ, ಐದನೆಯದಕ್ಕೆ ಒಂದು ಗಂಟು. ಮತ್ತೆ ನಾಲ್ಕು, ಮತ್ತೆ ಗಂಟು. ದಾರ ಎಲ್ಲಾದರೂ ಕಿತ್ತರೂ ಅಂಚು ಪೂರಾ ಬಿಚ್ಚಿಕೊಳ್ಳದಿರಲಿ ಎಂದು ಹೀಗೆ ಹೊಲಿಯುತ್ತಿದ್ದವಳು ಟೈಲರಮ್ಮನ ಅಮ್ಮ. ಹಾಗೆ ಹೊಲಿದರೆ ಎರಡರಷ್ಟು ಹೊತ್ತು ಹಿಡಿಯುತ್ತದೆ. ಕಸುಬಿನವರು ಯಾರೂ ಆ ತಂಟೆಗೆ ಹೋಗುವುದಿಲ್ಲ. ಅಮ್ಮ ಅದನ್ನು ಕಲಿಸಿದ್ದು ಇಬ್ಬರಿಗೇ, ತನ್ನ ಇಬ್ಬರು ಹೆಣ್ಣುಮಕ್ಕಳಿಗೆ.

ಈ ಗಂಟುಗಳನ್ನು ತಾನು ಹಾಕಿರಲಿಲ್ಲ.

ಟೈಲರಮ್ಮ ಭಾವನ ಕಡೆ ನೋಡಲಿಲ್ಲ. ನೋಡಿದರೆ ಅವರಿಗೆ ಎಲ್ಲ ತಿಳಿದುಬಿಡುತ್ತದೆ ಎಂದು ಹೆದರಿಕೆಯಾಯಿತು. ಅಂಚನ್ನು ಮೆಲ್ಲಗೆ ಮೊದಲಿನ ಹಾಗೆ ಮಡಿಸಿದಳು. ಮಡಿಸಿದ್ದನ್ನು ಮತ್ತೆ ಬಿಚ್ಚಿದಳು.

“ಆ ಹೆಂಗಸು,” ಎಂದು ಶುರು ಮಾಡಿದಳು, “ಅವರನ್ನ ನೋಡಿದ್ರೆ ನೀವು ಗುರುತು...”

“ಇಲ್ಲಿದ್ದೀರಾ ಇಬ್ಬರೂ?” ಹಿಂದಿನಿಂದ ಅಕ್ಕನ ದನಿ. “ಒಂದು ದೀಪಕ್ಕೆ ಎಷ್ಟು ಹೊತ್ತು ಚೌಕಾಸಿ ನಿಮ್ಮದು? ಆ ಬೆಂಚು ಕಾದು ಕೆಂಡ ಆಗಿದೆ. ನೆರಳು ಆಗಲೇ ಎದ್ದು ಹೋಯ್ತು, ಸರಿ ನಾನೂ ಎದ್ದು...”

ಮಾತು ಅರ್ಧಕ್ಕೆ ನಿಂತಿತು.

ಅಕ್ಕ ಚಾದರದ ಅಂಚಿಗೆ ಬಂದು ನಿಂತಿದ್ದಳು. ಊದಿದ ಕಾಲು, ಕೈಯಲ್ಲಿ ಚಪ್ಪಲಿ. ತಂಗಿಯ ಮಡಿಲಲ್ಲಿದ್ದ ಫ್ರಾಕು ಅವಳ ಕಣ್ಣಿಗೆ ಬೀಳಲೇ ಇಲ್ಲ. ಅವಳು ನೋಡುತ್ತಿದ್ದುದು ನೆಲದ ಮೇಲೆ ಹರವಿದ್ದ ಸಾಮಾನನ್ನು. ಕಪ್ಪುಸಾಸರು, ಹಿಡಿ ಸುಟ್ಟ ಇಸ್ತ್ರಿಪೆಟ್ಟಿಗೆ, ದಪ್ಪ ಗಾಜಿನ ಕನ್ನಡಕ, ಒಂದು ಮರದ ಸ್ಟೂಲು. ಒಂದೊಂದನ್ನೂ ನೋಡಿ, ಕೊನೆಗೆ ತಲೆಯೆತ್ತಿ ಇಸ್ತ್ರಿಯವಳ ಮುಖ ನೋಡಿದಳು. ಇಸ್ತ್ರಿಯವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು, ಹಿರಿಯರು ಮನೆಗೆ ಬಂದಾಗ ಮಾಡುವ ಹಾಗೆ.

ಅಕ್ಕನ ಕೈಯಿಂದ ಚಪ್ಪಲಿ ಜಾರಿ ಬಿತ್ತು.

“ದೊಡ್ಡಮ್ಮನ ಕನ್ನಡಕ ಇಲ್ಯಾಕಿದೆ? ಅವರು ಹೋದ್ರೇನೇ?” ಎಂದಳು ಅಕ್ಕ. “ಹೋದ ವರ್ಷ ನಾನು ಬಂದಾಗ ಗುಂಡುಕಲ್ಲಿನ ಹಾಗಿದ್ರಲ್ಲ. ನನಗೊಂದು ಮಾತು ಹೇಳಿ ಕಳಿಸಬೇಡ ಅಂದೋರು ಯಾರು?”